ಮದ್ದು ನಮ್ಮದು, ಹೆಸರು ಯಾರದ್ದು?

ಹಾಸ್ಟೆಲಿನ ಗೆಳೆಯರೇ,

ಆಟಿ ಅಮಾವಾಸ್ಯೆಯ ದಿನ ಪುತ್ತೂರು, ಸುಳ್ಯ, ಕಡಬದ ಕಡೆ ಹಾಲೆ ಮರದ ರಸ ಕುಡಿಯದ ಮನೆ ಕಡಿಮೆ. ಬೆಳಕು ಹರಿಯುವ ಮೊದಲೇ ಹೋಗಬೇಕು. ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ರಸ ಹಿಂಡಿ, ಕರಿಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಖಾಲಿ ಹೊಟ್ಟೆಗೆ ಕುಡಿಯಬೇಕು. ಮೇಲೆ ಮೆಂತೆ ಗಂಜಿ. ಈಗ ಅದಕ್ಕೂ ಸಭೆ, ಮೈಕು, 'ನಮ್ಮ ಪರಂಪರೆ' ಅಂತ ಭಾಷಣ.

ಒಂದು ಮಾತು ಕೇಳ್ತೇನೆ. ಆ ಕತ್ತಲಲ್ಲಿ ಹಾಲೆ ಯಾವುದು, ಕಾಸರಕ ಯಾವುದು ಅಂತ ಹೇಳುವವರು ಯಾರು? ಕಾಸರಕದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷ ಉಂಟು. ಮರ ತಪ್ಪಿದರೆ ಮದ್ದಲ್ಲ, ಮರಣ. ನನ್ನ ಊರಿನಲ್ಲಿ ಅದಕ್ಕೆ ನಮ್ಮ ಕಾಲನಿಯ ಅಜ್ಜನೇ ಬೇಕು. ಅಜ್ಜ ತೊಗಟೆ ತಂದು ಅಂಗಳದಲ್ಲಿ ಇಟ್ಟು ಬರುತ್ತಿದ್ದರು. ರಸ ಒಳಗೆ ಹೋಗುತ್ತಿತ್ತು, ಅಜ್ಜ ಹೊರಗೇ. ತೊಗಟೆಗೆ ಮೈಲಿಗೆ ಇಲ್ಲ, ತಂದ ಕೈಗೆ ಮಾತ್ರ ಮೈಲಿಗೆ. ಎಂಥಾ ಶಾಸ್ತ್ರ ಮಾರಾಯ್ರೇ ಇದು!

ಇದೇ ಆಟಿಯಲ್ಲಿ ಮನೆಮನೆಗೆ ಬಂದು ರೋಗರುಜಿನ ಓಡಿಸುವ ಆಟಿ ಕಳೆಂಜ ಯಾರು? ನಲಿಕೆಯವರು. ಊರಿನ ಮಾರಿ ಕಳೆಯುವವರು ಊರ ಹೊರಗೆ. ಕೊರಗರ ಕಥೆ ಇನ್ನೂ ಕ್ರೂರ. ಬಸುರಿಯರ, ರೋಗಿಗಳ ಅನಿಷ್ಟ ಕಳೆಯಲಿ ಅಂತ ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿದರು. ಅದಕ್ಕೆ ಅಜಲು ಅಂತ ಹೆಸರು. ಅದನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಸ್ವಾತಂತ್ರ್ಯ ಬಂದು 53 ವರ್ಷ ಆದ ಮೇಲೆ! ಕಾಡಿನ ಬಳ್ಳಿ ಬಳ್ಳಿಯ ಗುಣ ಬಲ್ಲವರ ಬಾಯಿಗೆ ಇನ್ನೊಬ್ಬರ ರೋಗ ತುರುಕಿದ ಸಮಾಜ ಇದು.

ಪಡುಮಲೆ ನಮ್ಮ ಪುತ್ತೂರು ತಾಲೂಕಿನದ್ದೇ. ಪಾಡ್ದನದಲ್ಲಿ ಬಲ್ಲಾಳನ ಕಾಲಿನ ಹುಣ್ಣು ವಾಸಿ ಮಾಡಿದವಳು ಬಿಲ್ಲವರ ದೇಯಿ ಬೈದೆತಿ. ಬಲ್ಲಾಳ ಎದ್ದು ಕೂತ. ಕೊಟ್ಟ ಮಾತು ಮಾತ್ರ ಮಲಗಿತು. ಪಾಲು ಕೇಳಿದ ಅವಳ ಮಕ್ಕಳು ಕೋಟಿ ಚೆನ್ನಯರು ಊರನ್ನೇ ಬಿಡಬೇಕಾಯಿತು. ಇವತ್ತು ಅವಳ ಹೆಸರಿನಲ್ಲಿ ಔಷಧಿವನ ಉಂಟು. ಸಂತೋಷ. ಆದರೆ ಬದುಕಿರುವ ದೇಯಿಯರಿಗೆ ಎಂತ ಉಂಟು?

'ಆಯುರ್ವೇದ ಋಷಿಗಳ ಕೊಡುಗೆ' ಅನ್ನುವವರಿಗೆ ಅವರ ಗ್ರಂಥವನ್ನೇ ತೋರಿಸಿ. ಗಿಡಮೂಲಿಕೆಯ ಹೆಸರು, ರೂಪ ಬಲ್ಲವರು ಕುರಿ, ಮೇಕೆ, ದನ ಕಾಯುವವರು ಮತ್ತು ಕಾಡಿನಲ್ಲಿ ಬದುಕುವವರು ಅಂತ ಚರಕ ಸಂಹಿತೆಯೇ ಒಪ್ಪುತ್ತದೆ. ಬೆನ್ನಿಗೇ, ಬರೀ ಅಷ್ಟು ಗೊತ್ತಿದ್ದರೆ ಸಾಲದು ಅಂತಲೂ ಹೇಳುತ್ತದೆ. ಕಲಿಯುವಾಗ ಕುರುಬ ಬೇಕು, ವೈದ್ಯನೆಂದು ಕರೆಯುವಾಗ ಬೇಡ.

ಇದು ಹಳೇ ಕಥೆ ಅಂತ ತಿಳಿಯಬೇಡಿ. 2002ರ ಜೀವವೈವಿಧ್ಯ ಕಾಯ್ದೆ, ಜನರ ತಿಳಿವಳಿಕೆಯಿಂದ ಲಾಭ ಮಾಡಿದವರು ಜನರಿಗೂ ಪಾಲು ಕೊಡಬೇಕು ಅಂದಿತು. 2023ರ ತಿದ್ದುಪಡಿ ಬಂತು. ಗ್ರಂಥಸ್ಥ ಜ್ಞಾನವನ್ನು ಬಳಸುವವರಿಗೆ ಪಾಲು ಕೊಡುವುದರಿಂದ ವಿನಾಯಿತಿ ಸಿಕ್ಕಿತು. ಗ್ರಂಥಸ್ಥ ಅಂದರೆ 1940ರ ಔಷಧ ಕಾಯ್ದೆಯ ಪಟ್ಟಿಯಲ್ಲಿರುವ ಗ್ರಂಥಗಳಲ್ಲಿ ಇರುವುದು. ಸಾವಿರಾರು ವರ್ಷ ನಮಗೆ ಅಕ್ಷರ ಕೊಡಲಿಲ್ಲ. ಈಗ ಅಕ್ಷರದಲ್ಲಿ ಇದೆಯಲ್ಲಾ, ಹಾಗಾಗಿ ನಿಮಗೆ ಪಾಲಿಲ್ಲ ಅಂತಾರೆ. ಬೀಗ ಹಾಕಿದವನೇ ಬಾಗಿಲು ಯಾಕೆ ತೆಗೆಯಲಿಲ್ಲ ಅಂತ ಕೇಳಿದ ಹಾಗೆ!

ಪಾಲು ಕೊಡಲು ಆಗುವುದೇ ಇಲ್ಲವಾ? ಆಗ್ತದೆ. ಕೇರಳದ ಕಾಣಿ ಆದಿವಾಸಿಗಳು ಆಯಾಸ ಕಳೆಯುವ ಆರೋಗ್ಯಪಚ್ಚೆ ಗಿಡವನ್ನು 1987ರಲ್ಲಿ ವಿಜ್ಞಾನಿಗಳಿಗೆ ತೋರಿಸಿದರು. ಅದರಿಂದ 'ಜೀವನಿ' ಔಷಧ ಆಯಿತು. 1995ರಲ್ಲಿ ಪರವಾನಗಿ ಕೊಟ್ಟಾಗ ಬಂದ ಶುಲ್ಕ ಮತ್ತು ರಾಯಧನದಲ್ಲಿ ಅರ್ಧ ಕಾಣಿಗಳಿಗೆ ಅಂತ ತೀರ್ಮಾನ ಆಯಿತು. 1997ರಲ್ಲಿ ಅವರದ್ದೇ ಟ್ರಸ್ಟ್ ಆಯಿತು. ಅಲ್ಲೂ ತಕರಾರುಗಳು ಇದ್ದವು. ಆದರೆ ಅರ್ಧ ಅನ್ನುವ ಮಾತು ಕಾಗದಕ್ಕೆ ಬಂತಲ್ಲ, ಅದು ದೊಡ್ಡದು.

ಇನ್ನು ನಮ್ಮ ಮನೆಯೊಳಗಿನ ಮಾತು. ನಮ್ಮದು ಅಂತ ಎಲ್ಲವನ್ನೂ ಕಣ್ಣಿಗೆ ಒತ್ತಿಕೊಳ್ಳುವುದು ಬಾಬಾಸಾಹೇಬರ ದಾರಿ ಅಲ್ಲ. ಕಾಮಾಲೆಗೆ ನೆಲನೆಲ್ಲಿ ಅಂತ ನಮ್ಮ ಅಜ್ಜಿಯರು ಹೇಳ್ತಾರೆ. 1988ರಲ್ಲಿ ಮದ್ರಾಸಿನ ಪರೀಕ್ಷೆಯೊಂದು ಹೆಪಟೈಟಿಸ್ ಬಿ ಸೋಂಕಿನ 37 ಮಂದಿಗೆ ಅದನ್ನು ಕೊಟ್ಟು, 22 ಮಂದಿಯ ರಕ್ತದಲ್ಲಿ ಸೋಂಕಿನ ಗುರುತು ಹೋಯಿತು ಅಂದಿತು. ಆಮೇಲೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ಎರಡನ್ನೂ ಹೇಳುವುದೇ ಪ್ರಾಮಾಣಿಕತೆ. ನಾಗರಹಾವು ಕಚ್ಚಿದವನಿಗೆ ಸೊಪ್ಪು ಅರೆಯುತ್ತಾ ಕೂತರೆ ಅದು ಕೊಲೆ. ಅವನನ್ನು ಉಳಿಸುವುದು ಆಸ್ಪತ್ರೆಯ ಪ್ರತಿವಿಷದ ಇಂಜೆಕ್ಷನ್. ಒಳ್ಳೆಯ ಮದ್ದಿನವರಿಗೆ ಇದು ಗೊತ್ತು. 'ಇದು ನನ್ನ ಕೈಲಿ ಆಗುವುದಿಲ್ಲ ಮಗಾ, ಜೀಪು ತರಿಸು' ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ತನ್ನ ಮಿತಿ ಬಲ್ಲವನೇ ವೈದ್ಯ.

ಹಾಗಾಗಿ 'ನಿಮಗೆ ಸೊಪ್ಪು ಬೇರು ಉಂಟಲ್ಲ, ಡಾಕ್ಟರು ಯಾಕೆ' ಅನ್ನುವವರನ್ನು ನಂಬಬೇಡಿ. ಅವರು ಕಾಯಿಲೆ ಬಿದ್ದರೆ ಕಾರು ಹತ್ತಿ ಮಂಗಳೂರಿಗೆ ಹೋಗ್ತಾರೆ. ನಮ್ಮ ಕಾಲನಿಗೆ ನರ್ಸೂ ಬೇಕು, ಡಾಕ್ಟರೂ ಬೇಕು. ನಮ್ಮ ಅಜ್ಜನ ಜ್ಞಾನಕ್ಕೆ ಮರ್ಯಾದೆಯೂ ಬೇಕು. ಒಂದು ಕೊಟ್ಟು ಇನ್ನೊಂದು ಕಿತ್ತುಕೊಳ್ಳುವ ವ್ಯಾಪಾರ ಬೇಡ.

ಗೆಳೆಯರೇ, ರಜೆಯಲ್ಲಿ ಊರಿಗೆ ಹೋದಾಗ ಒಂದು ನೋಟು ಪುಸ್ತಕ ತಕೊಂಡು ಹೋಗಿ. ಗಿಡದ ತುಳು ಹೆಸರು, ಯಾವ ಭಾಗ, ಯಾವ ಕಾಲ, ಏನು ಅಪಾಯ, ಎಲ್ಲಾ ಕೇಳಿ. ಹೇಳಲಾರೆ ಅಂದರೆ ಒತ್ತಾಯಿಸಬೇಡಿ. ಅದು ಅವರ ಹಕ್ಕು. ಪಂಚಾಯತಿನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅದನ್ನು ತೋರಿಸಿ ಅಂತ ಕೇಳಿ. ಅದರಲ್ಲಿ ಗಿಡದ ಹೆಸರಿನ ಪಕ್ಕ ಅದನ್ನು ಬಲ್ಲವರ ಹೆಸರು ಉಂಟಾ ನೋಡಿ. ಇಲ್ಲದಿದ್ದರೆ, ಅವರ ಒಪ್ಪಿಗೆ ಪಡೆದು, ಬರೆಯಿಸದೆ ಎದ್ದು ಬರಬೇಡಿ.

ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ನಿಮಗೆ ಬರುತ್ತದೆ.

ಜೈ ಭೀಮ್!