ಬಿಟ್ಟು ಓದಿದ ಪುಟ



ಶಾಲೆಯ ಇತಿಹಾಸವೆಂದರೆ ಎಷ್ಟೋ ಮಕ್ಕಳಿಗೆ ಇಸವಿಗಳ ಹೊರೆ. ಪರೀಕ್ಷೆ ಮುಗಿದೊಡನೆ ಇಳಿಸಿಬಿಡುವಂಥದು. ಅದನ್ನೇ ಮನೆಯ ಹಿರಿಯರು ಗಟ್ಟಿಯಾಗಿ ಓದಿ ಹೇಳಿದರೆ ಕಥೆಯಾಗಿ ಮನಸ್ಸಿನಲ್ಲಿ ನೆಲೆಸುತ್ತದೆ. ಬಾಲ್ಯದಲ್ಲಿ ನಾವು ಮಠದ ಶ್ರಾವಣಮಾಸದ ಪುರಾಣವನ್ನು ಕೇಳಿ ಬೆಳೆದವರು. ಒಬ್ಬರು ಪದ್ಯವನ್ನು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥವನ್ನು ಬಿಡಿಸುವರು. ಅಕ್ಷರವರಿಯದ ಮುದುಕಿಯೂ ನಡುವೆ ತಡೆದು ಪ್ರಶ್ನೆ ಕೇಳುವಳು. ಕಿವಿಯಿಂದ ಬಂದ ವಿದ್ಯೆ ಬೇಗ ಅಳಿಯದೆಂಬುದು ನಮ್ಮ ಅನುಭವ.

ಜಗತ್ತಿನ ಇತಿಹಾಸವನ್ನು ಮನೆಮಾತಿನಂತೆ ಮಕ್ಕಳಿಗೆ ಹೇಳಿದ ಹಿರಿಯರಿದ್ದಾರೆ. ಜವಾಹರಲಾಲ ನೆಹರೂ ಅವರು 1930ರಿಂದ 1933ರವರೆಗೆ, ಬಹುಪಾಲು ಸೆರೆಮನೆಯಲ್ಲಿ ಕುಳಿತು, ಮಗಳು ಇಂದಿರೆಗೆ ಬರೆದ 196 ಪತ್ರಗಳು 1934ರಲ್ಲಿ ಗ್ರಂಥವಾದವು. ಮಗಳ ಹದಿಮೂರನೆಯ ಹುಟ್ಟುಹಬ್ಬಕ್ಕೆ ಸೆರೆಯಲ್ಲಿದ್ದ ತಂದೆ ಕೊಡಬಹುದಾಗಿದ್ದ ಉಡುಗೊರೆ ಅಂಥದೇ. ಸೆರೆಯಲ್ಲಿದ್ದವರಿಗೆ ಸಾಧ್ಯವಾದುದು ಸ್ವತಂತ್ರರಾಗಿ ಮನೆಯಲ್ಲಿರುವ ನಮಗೆ ಏಕೆ ಅಸಾಧ್ಯ?

ನಮ್ಮ ಮನೆಯಲ್ಲಿ ರಾತ್ರಿ ಊಟದ ಬಳಿಕ ಅರ್ಧ ಗಂಟೆ ಈ ಓದು ನಡೆಯುತ್ತದೆ. ಕೇಳುವವಳು ಆರನೆಯ ಇಯತ್ತೆಯ ಮೊಮ್ಮಗಳು. ಮುಂದೆ ಜಗತ್ತಿನ ನಕಾಶೆ, ಗೋಡೆಯ ಮೇಲೊಂದು ಉದ್ದನೆಯ ಹುರಿ. ಹುರಿಯ ಒಂದು ಗೇಣಿಗೆ ನೂರು ವರ್ಷದ ಲೆಕ್ಕ, ತುದಿಯೆಂದರೆ ಇಂದು. ಓದಿದ ಸಂಗತಿಗೆಲ್ಲ ಅದರ ಕಾಲದಲ್ಲಿ ಒಂದು ಗಂಟು. ಕಲ್ಯಾಣದಲ್ಲಿ ಶರಣರು ಕೂಡಿದ್ದ 12ನೆಯ ಶತಮಾನದಲ್ಲಿಯೇ ಕಾಂಬೋಡಿಯಾದಲ್ಲಿ ಅಂಗ್ಕೋರ್ ವಾಟ್ ದೇವಾಲಯ ಎದ್ದಿತು, ಪ್ಯಾರಿಸ್ಸಿನಲ್ಲಿ 1163ರಲ್ಲಿ ನೋತ್ರ ದಾಮ್ ಚರ್ಚಿನ ಕಟ್ಟಡ ಆರಂಭವಾಯಿತು ಎಂದು ಹೇಳಿದಾಗ, ಮೂರು ಗಂಟುಗಳನ್ನು ಒತ್ತೊತ್ತಾಗಿ ಕಂಡು ಮಗು ಬೆರಗಾಯಿತು. ದೇಶಗಳು ಬೇರೆಯಾದರೂ ಕಾಲ ಒಂದೇ ಎಂಬ ತಿಳಿವು ಇಸವಿಯನ್ನು ಬಾಯಿಪಾಠ ಮಾಡಿ ಬರುವಂಥದಲ್ಲ.

ಒಂದು ರಾತ್ರಿ ಗುಲಾಮರ ಹಡಗುಗಳ ಪ್ರಸಂಗ ಬಂದಿತು. 16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕದ ಜನರನ್ನು ಸರಪಳಿಯಲ್ಲಿ ಬಿಗಿದು ಅಮೆರಿಕದ ಕಡೆಗೆ ಸಾಗಿಸಿದರು. ಸುಮಾರು 18 ಲಕ್ಷ ಜನ ಸಮುದ್ರದ ದಾರಿಯಲ್ಲಿಯೇ ಸತ್ತರು. ಮಲಗುವ ಹೊತ್ತಿನಲ್ಲಿ ಎಳೆಯ ಮನಸ್ಸಿಗೆ ಇದೇಕೆಂದು ನಾವು ಸದ್ದಿಲ್ಲದೆ ಎರಡು ಹಾಳೆ ಕೂಡಿಸಿ ತಿರುವಿದೆವು. ಮೊಮ್ಮಗಳು ಕೂಡಲೇ ಕೇಳಿದಳು: “ಅಜ್ಜಾ, ಒಂದು ಪುಟ ಬಿಟ್ಟಿರಲ್ಲ?”

ನಾಚಿಕೆಯಾಯಿತು. ಹಿಂದಿರುಗಿ ಆ ಪುಟವನ್ನು ಓದಿದೆವು. ಬ್ರಿಟನ್ನು 1807ರಲ್ಲಿ ಈ ವ್ಯಾಪಾರವನ್ನು ನಿಷೇಧಿಸಿದುದನ್ನೂ ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ರದ್ದಾದುದನ್ನೂ ಹೇಳಿ, ಇನ್ನು ಮುಗಿಯಿತೆಂದುಕೊಂಡೆವು. ಆಗ ಎರಡನೆಯ ಪ್ರಶ್ನೆ ಬಂದಿತು: “ನಮ್ಮಲ್ಲಿ ಹೀಗೆ ಇರಲಿಲ್ಲವೇ?”

ಇಲ್ಲವೆಂದು ಹೇಳಿ ದೀಪ ಆರಿಸಬಹುದಾಗಿತ್ತು. ಆದರೆ ನಮ್ಮ ತಂದೆಯವರ ಕಾಲದಲ್ಲಿ ನಮ್ಮ ಹೊಲದಲ್ಲಿಯೇ ಒಬ್ಬ ಜೀತದಾಳು ಇದ್ದನು. ಸಾಲ ಮಾಡಿದವನು ಅವನ ತಂದೆ. ತೀರಿಸಲು ದುಡಿಯುತ್ತಿದ್ದವನು ಮಗ. ಅವನು ಉಣ್ಣುವ ಗಂಗಾಳ ದನದ ಕೊಟ್ಟಿಗೆಯ ಗೂಡಿನಲ್ಲಿ ಬೇರೆಯಾಗಿಯೇ ಇರುತ್ತಿತ್ತು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ 1950ರಲ್ಲಿಯೇ ತೊಡೆದುಹಾಕಿತ್ತು; ಆದರೂ ಆ ಗಂಗಾಳ ಅಲ್ಲಿಂದ ಕದಲಿರಲಿಲ್ಲ. ಜೀತವನ್ನು ರದ್ದುಪಡಿಸುವ ಕಾನೂನು ಬಂದುದು 1976ರಲ್ಲಿ. ಇದೆಲ್ಲವನ್ನೂ ಮಗುವಿಗೆ ಹೇಳಿದೆವು.

“ಅವರ ಹೆಸರೇನು ಅಜ್ಜಾ?” ಎಂದಳು. ಅಂದಿನ ನಮ್ಮ ಎತ್ತುಗಳ ಹೆಸರು ನೆನಪಿದ್ದವು. ಅವನ ಹೆಸರು ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಹುರಿಯ ಮೇಲೆ ಹೊಸದೊಂದು ಗಂಟು ಬಿದ್ದಿತ್ತು. ತುದಿಯಿಂದ ಬರಿಯ ಅರ್ಧ ಗೇಣು ದೂರದಲ್ಲಿ. ನಾವು ಬಹು ಹಿಂದಿನ ಕಾಲದ್ದೆಂದು ತಿಳಿದಿದ್ದ ಸಂಗತಿ ಎಷ್ಟು ಹತ್ತಿರದ್ದೆಂಬುದನ್ನು ಆ ಗಂಟು ನಮಗೇ ಕಲಿಸಿತು.

ಆದುದರಿಂದ ತಾಯಂದಿರಲ್ಲಿ, ಹಿರಿಯರಲ್ಲಿ ನಮ್ಮ ಅರಿಕೆಯಿಷ್ಟು. ದಿನಕ್ಕೆ ಎರಡು ಮೂರು ಪುಟ ಸಾಕು, ಆದರೆ ಓದು ತಪ್ಪದಿರಲಿ. ನಿನ್ನೆ ಕೇಳಿದುದನ್ನು ಮಗು ತನ್ನ ಮಾತಿನಲ್ಲಿ ಹೇಳಲಿ. ಪ್ರಶ್ನೆ ಬಂದಾಗ ಓದು ನಿಲ್ಲಲಿ. ಎಳೆಯರಿಗೆ ಕ್ರೌರ್ಯದ ವಿವರವನ್ನು ಕಡಿಮೆ ಮಾಡಿ ಹೇಳಬಹುದು, ನಡೆದುದನ್ನು ನಡೆಯಲಿಲ್ಲವೆನ್ನಲಾಗದು. ವಿಯೆನ್ನಾದ ಅರ್ನ್ಸ್ಟ್ ಗೊಂಬ್ರಿಚ್ ಎಂಬ ವಿದ್ವಾಂಸರು ತಾರುಣ್ಯದಲ್ಲಿ, 1935ರಲ್ಲಿ, ಮಕ್ಕಳಿಗಾಗಿ ಜಗತ್ತಿನ ಕಿರು ಇತಿಹಾಸವೊಂದನ್ನು ಬರೆದಿದ್ದರು. ಅರ್ಧ ಶತಮಾನದ ಬಳಿಕ ಅದಕ್ಕೊಂದು ಹೊಸ ಅಧ್ಯಾಯ ಸೇರಿಸಿ, ಮೊದಲನೆಯ ಮಹಾಯುದ್ಧದ ಅಂತ್ಯವನ್ನು ಕುರಿತು ತಾವು ಬರೆದುದರಲ್ಲಿ ತಪ್ಪಿತ್ತೆಂದು ಎಳೆಯ ಓದುಗರ ಮುಂದೆ ಒಪ್ಪಿಕೊಂಡರು. ತಪ್ಪನ್ನು ಒಪ್ಪಿಕೊಂಡ ಹಿರಿಯರ ಮಾತನ್ನು ಮಕ್ಕಳು ಹೆಚ್ಚು ನಂಬುತ್ತಾರೆ.

ಆ ಹೆಸರಿಗಾಗಿ ಊರಿನ ಹಳಬರನ್ನು ನಾವು ಈಗಲೂ ವಿಚಾರಿಸುತ್ತಿದ್ದೇವೆ. ಮೊಮ್ಮಗಳು ವಾರಕ್ಕೊಮ್ಮೆ ನೆನಪಿಸುತ್ತಾಳೆ.