ಪ್ರಯೋಗದ ಅಂಕಿಯೂ ಅದರ ಅರ್ಥವೂ

ಉಪಕರಣ ತೋರಿಸಿದ ಅಂಕಿ ಸರಿಯಾಗಿದ್ದರೂ ಅದರಿಂದ ಹೊರಡುವ ತೀರ್ಮಾನ ತಪ್ಪಾಗಬಹುದು. 2023ರ ಜುಲೈ ತಿಂಗಳಿನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಸಂಶೋಧಕರ ತಂಡವೊಂದು ಪ್ರಕಟಿಸಿದ ‘ಎಲ್‌ಕೆ-99’ ಎಂಬ ವಸ್ತುವಿನ ವೃತ್ತಾಂತ ಇದಕ್ಕೆ ನಿದರ್ಶನ. ಸೀಸ, ತಾಮ್ರ, ರಂಜಕ, ಆಮ್ಲಜನಕಗಳಿಂದ ಕೂಡಿದ ಈ ವಸ್ತುವು ಕೋಣೆಯ ಉಷ್ಣತೆಯಲ್ಲಿಯೇ ವಿದ್ಯುತ್ತನ್ನು ಕಿಂಚಿತ್ತೂ ರೋಧವಿಲ್ಲದೆ ಹರಿಸುವ ಸೂಪರ್‌ಕಂಡಕ್ಟರ್, ಅರ್ಥಾತ್ ಅತಿವಾಹಕ, ಎಂದು ತಂಡವು ಸಾರಿತು. ಮೋಟಾರು, ಟ್ರಾನ್ಸ್‌ಫಾರ್ಮರ್, ತಂತಿ ತಯಾರಿಸುವವರಿಗೆ ಇದರ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೇಖನವು ತಜ್ಞರ ಪರಿಶೀಲನೆಗೆ ಒಳಪಡುವ ಮೊದಲೇ ಕೊರಿಯಾದ ಷೇರುಪೇಟೆಯಲ್ಲಿ, ಅತಿವಾಹಕಗಳೊಡನೆ ದೂರದ ನಂಟಿದ್ದ ಕಂಪನಿಗಳ ಷೇರುಗಳೂ ಗಗನಕ್ಕೇರಿದವು. ಕೆಲವೇ ದಿನಗಳಲ್ಲಿ ಕುಸಿದವು.

ತಂಡದ ಬಳಿ ಮುಖ್ಯವಾಗಿ ಎರಡು ಸಾಕ್ಷ್ಯಗಳಿದ್ದವು. ಕಾದ ಮಾದರಿಯು ತಣಿಯುತ್ತ 104.8 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಅದರ ವಿದ್ಯುತ್ ರೋಧ ಥಟ್ಟನೆ ಇಳಿಯಿತು. ಒಂದು ಚೂರು ಅಯಸ್ಕಾಂತದ ಮೇಲೆ ಒಂದು ಅಂಚಿನಲ್ಲಿ ಮೇಲೆದ್ದು ನಿಂತಿತು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಪ್ರಶಾಂತ್ ಜೈನ್ ಅವರಿಗೆ ಆ 104 ಡಿಗ್ರಿಯ ಅಂಕಿ ಪರಿಚಿತವಾಗಿತ್ತು. ತಾಮ್ರದ ಸಲ್ಫೈಡ್ ಎಂಬ ಸಾಮಾನ್ಯ ವಸ್ತುವಿನ ಸ್ಫಟಿಕರಚನೆ ಬದಲಾಗುವುದು ಅದೇ ಉಷ್ಣತೆಯಲ್ಲಿ. ಕೊರಿಯಾದ ತಯಾರಿಕಾ ವಿಧಾನದ ಕಚ್ಚಾ ಪದಾರ್ಥಗಳಲ್ಲಿ ಗಂಧಕವೂ ತಾಮ್ರವೂ ಇದ್ದುದರಿಂದ ಮಾದರಿಯಲ್ಲಿ ಈ ಕಲ್ಮಶ ಉಳಿಯುವುದು ಸಹಜವಾಗಿತ್ತು. ಬೀಜಿಂಗಿನ ವಿಜ್ಞಾನಿಗಳು ತಾಮ್ರದ ಸಲ್ಫೈಡನ್ನೇ ಅಳೆದಾಗಲೂ ರೋಧ ಹಾಗೆಯೇ ಕುಸಿಯಿತು. ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಬೆಳೆಸಿದ ಕಲ್ಮಶರಹಿತ ಸ್ಫಟಿಕವಂತೂ ಲಕ್ಷಾಂತರ ಓಮ್ ರೋಧವುಳ್ಳ ಅವಾಹಕವಾಗಿತ್ತು! ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೂ ತನ್ನ ಮಾದರಿಗಳಲ್ಲಿ ಅತಿವಾಹಕತೆ ಕಾಣಲಿಲ್ಲ. ಚೂರು ಮೇಲೆದ್ದುದಕ್ಕೆ ಸಾಧಾರಣ ಕಾಂತಗುಣವೇ ಸಾಕಾಗಿತ್ತು.

ಇಲ್ಲಿ ಅಳತೆ ಸುಳ್ಳಾಗಿರಲಿಲ್ಲ. ಇದೇ ಅಂಕಿ ಬೇರಾವ ಕಾರಣದಿಂದ ಬರಬಹುದೆಂಬ ಪ್ರಶ್ನೆಯನ್ನು ಮೊದಲೇ ಕೇಳಿ, ಕಲ್ಮಶವನ್ನು ಪ್ರತ್ಯೇಕವಾಗಿ ಅಳೆದು ನೋಡಿರಲಿಲ್ಲ, ಅಷ್ಟೆ. ಆದರೂ ತಯಾರಿಕೆಯ ಕ್ರಮವನ್ನೂ ಉಷ್ಣತೆಯನ್ನೂ ಮುಚ್ಚುಮರೆಯಿಲ್ಲದೆ ಪ್ರಕಟಿಸಿದ್ದರಿಂದಲೇ ಕೆಲವೇ ವಾರಗಳಲ್ಲಿ ಸತ್ಯ ಹೊರಬಿದ್ದಿತೆಂಬುದು ಆ ತಂಡಕ್ಕೆ ಸಲ್ಲಬೇಕಾದ ಮಾತು. ಷೇರು ಕೊಳ್ಳಿರೆಂದು ಸಲಹೆ ಕೊಟ್ಟವರಿಗೆ ಅಂತಹ ಮನ್ನಣೆ ಸಲ್ಲದು.

ಸಣ್ಣ ಕೈಗಾರಿಕೆಗಳ ಬಾಗಿಲಿಗೆ ಅತಿವಾಹಕ ಬಾರದಿರಬಹುದು; ತುಕ್ಕು ತಡೆಯುವ ಲೇಪನ, ಇಂಧನ ಉಳಿಸುವ ಪುಡಿ, ಬಾಯ್ಲರಿನ ಗಾರೆ ಕರಗಿಸುವ ರಾಸಾಯನಿಕಗಳು ಗ್ರಾಫ್ ಸಹಿತ ಬರುತ್ತಲೇ ಇರುತ್ತವೆ. ಗ್ರಾಫಿನ ರೇಖೆ ಎಷ್ಟು ಏರಿದೆ ಎಂದು ನೋಡುವ ಮುನ್ನ ಲೇಪನವಿಲ್ಲದ ತಗಡನ್ನೂ ಜೊತೆಯಲ್ಲಿಯೇ ಪರೀಕ್ಷಿಸಲಾಗಿದೆಯೇ, ಎಷ್ಟು ಮಾದರಿಗಳನ್ನು ಪರೀಕ್ಷಿಸಲಾಗಿದೆ, ಅವುಗಳನ್ನು ಆರಿಸಿದವರು ಯಾರು ಎಂದು ವಿಚಾರಿಸುವುದು ಲೇಸು. ಮಾರಾಟಗಾರನೇ ಆರಿಸಿ ಕಳುಹಿಸಿದ ಒಂದು ತುಂಡಿನ ವರದಿಯು ಆ ತುಂಡಿಗಷ್ಟೇ ಸಾಕ್ಷಿ. ಮಾನ್ಯತೆ ಪಡೆದ ಪ್ರಯೋಗಾಲಯಗಳ ವರದಿಯಲ್ಲಿ, ಫಲಿತಾಂಶವು ಪರೀಕ್ಷಿಸಿದ ಮಾದರಿಗೆ ಮಾತ್ರ ಅನ್ವಯಿಸುತ್ತದೆ ಎಂಬ ಸಾಲು ಇದ್ದೇ ಇರುತ್ತದೆ. ಸಣ್ಣ ಅಕ್ಷರಗಳಲ್ಲಿರುವ ಆ ಸಾಲನ್ನು ಓದದೆ ಇಡೀ ಲಾರಿ ಲೋಡಿಗೆ ಮುಂಗಡ ಕೊಡುವ ಖರೀದಿದಾರನು, ತಾನೇ ಆರಿಸಿದ ಮಾದರಿಯನ್ನು ಮತ್ತೊಂದು ಪ್ರಯೋಗಾಲಯಕ್ಕೆ ಕಳುಹಿಸಲು ತಗಲುವ ಶುಲ್ಕವನ್ನು ಮಾತ್ರ ದುಬಾರಿ ಎನ್ನುತ್ತಾನೆ.