ಪಾವು, ಸೇರು, ಸೀರೆ ತುಂಡು: ಕೂಸಿನ ಆಟದ ಬಗ್ಗೆ ನಮ್ಮೋರ ಜೊತೆ ಒಂದಿಷ್ಟು ಮಾತು

ಈ ಸಲ ಒಳಮೀಸಲಾತಿ, ಭೂಮಿ, ಸ್ಮಶಾನದ ಜಾಗ ಯಾವುದರ ಬಗ್ಗೆಯೂ ಬರೀತಿಲ್ಲ. ಕೂಸುಗಳ ಆಟದ ಬಗ್ಗೆ ಬರೀತಿದೀನಿ. ಅಕ್ಕನಿಗೆ ಏನಾಯ್ತು ಅಂತ ನಗಬೇಡಿ, ಪೂರ್ತಿ ಓದಿ ಆಮೇಲೆ ಬೈಯಿರಿ.

ಹೋದ ಭಾನುವಾರ ನಮ್ಮ ಕೇರಿಯ ಹೆಣ್ಮಕ್ಕಳ ಸಭೆ ಇತ್ತು. ಅಂಬೇಡ್ಕರ್ ಭವನದಲ್ಲಿ ಜಮಖಾನ ಹಾಸಿ ಕೂತಿದ್ವಿ. ಒಬ್ಬ ಹುಡುಗಿ, ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು, ಹತ್ತು ತಿಂಗಳ ಗಂಡುಕೂಸನ್ನು ಕಂಕುಳಲ್ಲಿ ಎತ್ಕೊಂಡು ಬಂದಿದ್ಲು. ಕೂಸು ರಚ್ಚೆ ಹಿಡಿದಾಗ ಮೊಬೈಲಲ್ಲಿ ಕಾರ್ಟೂನ್ ಹಾಕಿ ಕೈಗೆ ಕೊಟ್ಲು, ಗಪ್ಪಂತ ಸುಮ್ಮನಾಯ್ತು. ಮಾತಾಡೋಕೆ ಬಂದಿದ್ದ ಹಿರಿಯರೊಬ್ಬರು "ಇಷ್ಟು ಎಳೇ ಕೂಸಿಗೆ ಮೊಬೈಲ್ ಕೊಡ್ತೀಯಲ್ಲಮ್ಮ, ತಿಳುವಳಿಕೆ ಬೇಡ್ವಾ" ಅಂದ್ರು. ಹುಡುಗಿ ತಲೆ ತಗ್ಗಿಸಲಿಲ್ಲ. "ಆಟದ ಸಾಮಾನು ತರಕ್ಕೆ ದುಡ್ಡಿಲ್ಲ ಅಣ್ಣ. ಬೆಳಿಗ್ಗೆಯಿಂದ ಸಂಜೆಗಂಟ ನಾಟಿ ಹಾಕಿ ಬಂದಿರ್ತೀನಿ. ಇವನು ಸುಮ್ಮನಿದ್ರೆ ತಾನೇ ನಾನು ಮುದ್ದೆ ತಿರುವೋದು?"

ಯಾರ ಹತ್ರಾನೂ ಉತ್ತರ ಇರಲಿಲ್ಲ. ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಎದ್ದು ಹೋಗಿ ಭವನದ ಅಡುಗೆ ಕೋಣೆಯಿಂದ ಒಂದು ಸೇರು, ಒಂದು ಪಾವು, ಒಂದು ಅಲ್ಯುಮಿನಿಯಂ ಮುಚ್ಚಳ ತಂತು. ತಂದು ಕೊಟ್ಟು ಸುಮ್ಮನಾಗಲಿಲ್ಲ. ಕಾಲು ಚಾಚಿ ಕೂಸಿನ ಎದುರಿಗೇ ಕೂತು, ಪಾವನ್ನು ಸೇರಿನೊಳಗೆ ಇಟ್ಟು, ತೆಗೆದು, "ಹೋಯ್ತು... ಬಂತು" ಅಂತ ಶುರು ಮಾಡ್ತು. ಕೂಸು ಮೊಬೈಲನ್ನು ಜಮಖಾನದ ಮೇಲೆ ಬಿಟ್ಟು ಅಜ್ಜಿ ಕಡೆಗೆ ಅಂಬೆಗಾಲಿಟ್ಟಿತು. ನಡುವೆ ಒಂದೆರಡು ಸಲ ಅತ್ತಿದ್ದು ಬಿಟ್ರೆ ಸಭೆ ಮುಗಿಯೋವರೆಗೂ ಅದೇ ಆಟ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಆ ಕೂಸಲ್ಲ, ಒಂದು ಕೆಂಪು ಸೈಕಲ್ಲು.

ನನಗೆ ನಾಲ್ಕೋ ಐದೋ ವರ್ಷ ಇರಬೇಕು. ಅವ್ವ ಊರೊಳಗಿನ ಒಂದು ದೊಡ್ಡ ಮನೆಗೆ ಕೊಟ್ಟಿಗೆ ಬಾಚೋಕೆ ಹೋಗ್ತಿದ್ಲು. ನಾನೂ ಹಿಂದೆ ಹೋಗ್ತಿದ್ದೆ. ಅಂಗಳದಲ್ಲಿ ಅವರ ಮಗುವಿನ ಮೂರು ಚಕ್ರದ ಕೆಂಪು ಸೈಕಲ್ ನಿಂತಿತ್ತು. ಹತ್ತಿ ಕೂತೆ. ಯಾರೂ ಹೊಡೀಲಿಲ್ಲ, ಬೈಯಲೂ ಇಲ್ಲ. ಇಳಿಸಿ, ಒಂದು ಕೊಡ ನೀರು ತಂದು ಸೈಕಲ್ ತೊಳೆದ್ರು ಅಷ್ಟೇ. ಅವ್ವ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಎರಡು ತೆಂಗಿನ ಚಿಪ್ಪಿಗೆ ತೂತು ಮಾಡಿ ಹುರಿ ಪೋಣಿಸಿ ಎಳೆಯೋ ಗಾಡಿ ಮಾಡಿಕೊಟ್ಲು. ನಾನು ಅದನ್ನು ಬಿಸಾಕಿದೆ.

ಮುಂದೆ ನಾನು ದುಡಿಯೋ ಹಾಗಾದ ಮೇಲೆ, ನನ್ನ ಮಗನ ಮೊದಲನೇ ಹುಟ್ಟುಹಬ್ಬಕ್ಕೆ ಕೈಸಾಲ ಮಾಡಿ ಮೂರು ಚಕ್ರದ ಕೆಂಪು ಸೈಕಲ್ ತಂದೆ. ಒಂದು ವರ್ಷದ ಕೂಸಿಗೆ ಪೆಡಲ್ ಎಟುಕುತ್ತಾ? ಅದು ತಿಂಗಳುಗಟ್ಟಲೆ ಗೋಡೆಗೆ ಒರಗಿಕೊಂಡಿತ್ತು. ಮಗ ಅವರಜ್ಜಿ ಜೊತೆ ಪಾತ್ರೆ ಬಡೀತಾ ಕೂತಿರ್ತಿದ್ದ. ಆ ಸೈಕಲ್ಲನ್ನು ನಾನು ಮಗನಿಗೆ ಅಂತ ಕೊಂಡಿರಲಿಲ್ಲ, ನನಗೇ ಕೊಂಡಿದ್ದೆ. ಅದು ನನಗೆ ಅರ್ಥ ಆಗಿದ್ದು ಬಹಳ ತಡವಾಗಿ.

ಅದಕ್ಕೇ ನಮ್ಮೋರು ಸಂಘದಲ್ಲಿ ಸಾಲ ಎತ್ತಿ ಬ್ಯಾಟರಿ ಕಾರು ತಂದ್ರೆ ನಾನು ಬೈಯಲ್ಲ. ಅದರ ಹಿಂದೆ ಏನಿದೆ ಅಂತ ಗೊತ್ತು. ಆದ್ರೆ ಒಂದು ಮಾತು ಹೇಳಲೇಬೇಕು. ಮೂರು ವರ್ಷದೊಳಗಿನ ಕೂಸಿಗೆ ಬೇಕಾಗಿರೋದು ಎದುರಿಗೆ ಕೂರೋ ಒಬ್ಬ ಮನುಷ್ಯ, ಜೊತೆಗೆ ಹಿಡಿಯೋಕೆ, ಬಡಿಯೋಕೆ, ಹಾಕಿ ತೆಗೆಯೋಕೆ ಎರಡು ವಸ್ತು. ವಸ್ತು ನಮ್ಮ ಮನೆಯಲ್ಲಿ ಮೊದಲಿಂದ ಇದೆ. ಮನುಷ್ಯನ ಸಮಯ ಇಲ್ಲ, ಅದು ಗದ್ದೆಯಲ್ಲಿ, ಗಾರ್ಮೆಂಟ್ಸಲ್ಲಿ, ಬೀದಿ ಗುಡಿಸೋದರಲ್ಲಿ ಹೋಗ್ತಿದೆ.

ನಾನು ಭಾವುಕಳಾಗಿ ಹೇಳ್ತಿಲ್ಲ. ಜಮೈಕಾ ಅಂತ ಒಂದು ದೇಶ, ಗುಲಾಮಗಿರಿಯ ಹೊಟ್ಟೆಯಿಂದ ಬಂದ ಕಪ್ಪು ಜನರ ನಾಡು. ಅಲ್ಲಿನ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1986-87ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಅನ್ನೋ ವೈದ್ಯೆ ಮತ್ತು ಅವರ ಜೊತೆಗಾರರು 129 ಕೂಸುಗಳನ್ನು ಆರಿಸಿಕೊಂಡ್ರು. 9ರಿಂದ 24 ತಿಂಗಳ, ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಕೂಸುಗಳು. ಕೆಲವರಿಗೆ ಪೌಷ್ಟಿಕ ಆಹಾರ ಕೊಟ್ರು. ಕೆಲವರ ಮನೆಗೆ ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಣ್ಮಕ್ಕಳು ವಾರಕ್ಕೊಂದು ಗಂಟೆ, ಎರಡು ವರ್ಷ ಹೋದ್ರು. ಮನೆಯಲ್ಲೇ ಸಿಗೋ ಡಬ್ಬಿ, ಬಾಟಲಿ, ಬಟ್ಟೆಯಲ್ಲಿ ಮಾಡಿದ ಆಟಿಕೆ ಹಿಡ್ಕೊಂಡು ತಾಯಿಗೂ ಕೂಸಿಗೂ ಆಡಿಸಿ ತೋರಿಸಿದ್ರು. ಇನ್ನು ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಇಪ್ಪತ್ತು ವರ್ಷ ಆದ ಮೇಲೆ ಹುಡುಕಿಕೊಂಡು ಹೋಗಿ ನೋಡಿದಾಗ, ಆಟ ಸಿಕ್ಕಿದ್ದ ಮಕ್ಕಳ ಸಂಪಾದನೆ ಸಿಗದೇ ಇದ್ದವರಿಗಿಂತ ಸುಮಾರು 25 ಶೇಕಡ ಹೆಚ್ಚಿತ್ತು. ಬರೀ ಆಹಾರ ಸಿಕ್ಕ ಗುಂಪಲ್ಲಿ ಇಷ್ಟು ದೂರದ ಲಾಭ ಕಾಣಲಿಲ್ಲ. (ಮೊಟ್ಟೆಗೆ ಅಡ್ಡ ನಿಂತವರು ಇದನ್ನು ಹಿಡ್ಕೊಂಡು ಬರಬೇಡಿ. ಮೊಟ್ಟೆಯೂ ಬೇಕು, ಆಟವೂ ಬೇಕು.)

ಇಲ್ಲೇ ಒಂದು ಎಚ್ಚರಿಕೆ. "ಮೊದಲ ಮೂರು ವರ್ಷದಲ್ಲೇ ಮೆದುಳು ಮುಗೀತು" ಅಂತ ಹೇಳಿಕೊಂಡು ತಿರುಗೋ ಭಾಷಣಕಾರರನ್ನು ನಂಬಬೇಡಿ. ಹುಟ್ಟಿನಿಂದ ಬುದ್ಧಿ ಬರುತ್ತೆ ಅಂತಿದ್ದವರು ಈಗ ಮೂರು ವರ್ಷಕ್ಕೆ ಬಂದು ನಿಂತಿದ್ದಾರೆ, ಅಷ್ಟೇ ವ್ಯತ್ಯಾಸ. ಎಳವೆಯಲ್ಲಿ ಆಟ ಸಿಗದ ಎಷ್ಟೋ ಜನ ನಮ್ಮಲ್ಲಿ ಓದಿ ಮುಂದೆ ಬಂದಿದ್ದಾರೆ. ಎಳೇ ವಯಸ್ಸಲ್ಲಿ ಕಲಿಯೋದು ಸಲೀಸು ಅಂತ ಮಾತ್ರ ಇಟ್ಕೊಳ್ಳಿ.

ಇನ್ನೊಂದು ಕಡೆಯಿಂದಲೂ ಪ್ರಶ್ನೆ ಬರುತ್ತೆ. "ಅಂದ್ರೆ ಬಡವರ ಮಕ್ಕಳಿಗೆ ಖಾಲಿ ಬಾಟಲಿ, ಉಳ್ಳವರ ಮಕ್ಕಳಿಗೆ ಮಾಂಟೆಸ್ಸರಿನಾ ಅಕ್ಕ?" ಒಳ್ಳೇ ಪ್ರಶ್ನೆ. "ಕಡಿಮೆ ಖರ್ಚಿನ" ಅನ್ನೋ ಪದ ಕೇಳಿದ್ರೆ ನನಗೂ ಮೈ ಉರಿಯುತ್ತೆ, ನಮಗೆ ಏನು ಕೊಡಬೇಕಾದ್ರೂ ಸರ್ಕಾರಕ್ಕೆ ಆ ಪದವೇ ಬಾಯಿಗೆ ಬರೋದು. ಆದ್ರೆ ಮಾಂಟೆಸ್ಸರಿ ಎಲ್ಲಿಂದ ಬಂತು ನೋಡಿ. ಮರಿಯಾ ಮಾಂಟೆಸ್ಸರಿ 1907ರ ಜನವರಿಯಲ್ಲಿ ಮೊದಲ ಮಕ್ಕಳ ಮನೆ ತೆರೆದಿದ್ದು ರೋಮ್ ನಗರದ ಸಾನ್ ಲೊರೆಂಜೊ ಅನ್ನೋ ಕೂಲಿಕಾರರ ಬಡಾವಣೆಯಲ್ಲಿ. ಅಪ್ಪ-ಅಮ್ಮ ಕೆಲಸಕ್ಕೆ ಹೋದ್ರೆ ನೋಡೋರಿಲ್ಲದೆ ಬಿದ್ದಿರ್ತಿದ್ದ ಮಕ್ಕಳಿಗಾಗಿ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಕಾಳು ಸುರಿಯೋದು, ನೀರು ಸುರಿಯೋದು, ಬಟ್ಟೆ ಮಡಚೋದು ಇವೆಲ್ಲ ಅಲ್ಲಿನ ಪಾಠ. ಅದೇ ಪಾವು-ಸೇರಿನ ಆಟ ಈಗ ಬೆಂಗಳೂರಲ್ಲಿ ಗಾಜಿನ ಬಾಗಿಲ ಹಿಂದೆ ಹೋಗಿ ಕೂತಿದೆ, ಫೀಸು ಕೇಳಿದ್ರೆ ನಮ್ಮೋರು ಗೇಟಿನಿಂದಲೇ ವಾಪಸ್. ಅದಕ್ಕೇ ನಮ್ಮ ಅಡುಗೆ ಮನೆಯ ಪಾವನ್ನು ಕೀಳು ಅಂತ ನೋಡಬೇಡಿ ಅಂತೀನಿ.

ಸರಿ, ಏನಾಡಿಸೋದು ಅಂತ ಆ ಹುಡುಗಿ ಸಭೆ ಮುಗಿದ ಮೇಲೆ ಕೇಳಿದ್ಲು. ಅಲ್ಲಿದ್ದ ಹೆಂಗಸರೆಲ್ಲ ಸೇರಿ ಹೇಳಿದ್ದನ್ನು, ನನಗೆ ಗೊತ್ತಿರೋದನ್ನೂ ಸೇರಿಸಿ ಬರೀತೀನಿ.

ಆಗ ತಾನೇ ಹುಟ್ಟಿದ ಕೂಸಿಗೆ ಚೆನ್ನಾಗಿ ಕಾಣೋದು ಒಂದು ಗೇಣು, ಒಂದೂಕಾಲು ಗೇಣು ದೂರ. ಹಾಲು ಕುಡಿಯುವಾಗ ಅವ್ವನ ಮುಖ ಇರೋದು ಅಷ್ಟೇ ದೂರದಲ್ಲಿ. ನಿಮ್ಮ ಮುಖವೇ ಮೊದಲ ಆಟಿಕೆ. ನಾಲಿಗೆ ಚಾಚಿ, ಕಣ್ಣು ಅಗಲಿಸಿ. ಅದು "ಊಂ" ಅಂದ್ರೆ ನೀವೂ "ಊಂ" ಅನ್ನಿ, ಸ್ವಲ್ಪ ತಡೆದು ಅದರ ಸರದಿಗೆ ಕಾಯಿರಿ. ಎಚ್ಚರ ಇದ್ದಾಗ ಚಾಪೆ ಮೇಲೋ ನಿಮ್ಮ ಎದೆ ಮೇಲೋ ಬೋರಲು ಹಾಕಿ, ಎದುರಿಗೆ ನೀವು ಮಲಗಿ. ಕತ್ತು ಎತ್ತಿ ನಿಮ್ಮನ್ನು ನೋಡೋದೇ ಅದಕ್ಕೆ ಗರಡಿಮನೆ. ಇನ್ನೂ ತೆವಳದ ಕೂಸಿಗೆ ದಿನಕ್ಕೆ ಎಲ್ಲ ಸೇರಿ ಅರ್ಧ ಗಂಟೆ ಹೀಗೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ವರ್ಷದೊಳಗಿನ ಕೂಸಿಗೆ ಮೊಬೈಲ್, ಟೀವಿ ಬೇಡವೇ ಬೇಡ ಅಂತಲೂ ಅದರಲ್ಲೇ ಇದೆ. ನಿದ್ದೆಗೆ ಮಾತ್ರ ಅಂಗಾತ ಮಲಗಿಸಿ.

ಆರೇಳು ತಿಂಗಳಿಗೆ ಕೂಸು ಕೈಗೆ ಸಿಕ್ಕಿದ್ದನ್ನು ಅಲ್ಲಾಡಿಸುತ್ತೆ. ಚಿಕ್ಕ ನೀರಿನ ಬಾಟಲಿಗೆ ಒಂದು ಹಿಡಿ ರಾಗಿ ಹಾಕಿ, ಮುಚ್ಚಳವನ್ನು ಅಂಟು ಹಾಕಿ ಭದ್ರ ಮಾಡಿದ್ರೆ ಗಿಲಕಿ ಆಯ್ತು. ಸೆರಗಲ್ಲಿ ಮುಖ ಮುಚ್ಚಿ ತೆಗೆಯೋ ಆಟ ಎಲ್ಲರಿಗೂ ಗೊತ್ತು. ಅದು ಬರೀ ನಗಿಸೋಕಲ್ಲ. ಕಣ್ಣಿಗೆ ಕಾಣದೇ ಹೋದದ್ದು ಇಲ್ಲವಾಗಲ್ಲ, ಅವ್ವ ಕೆಲಸಕ್ಕೆ ಹೋದ್ರೂ ವಾಪಸ್ ಬರ್ತಾಳೆ ಅನ್ನೋದನ್ನು ಕೂಸು ಕಲಿಯೋದು ಇಂಥ ಆಟದಲ್ಲೇ. ಅಂಗೈಯಲ್ಲಿ ರೊಟ್ಟಿ ತಟ್ಟಿ, ಐದು ಬೆರಳಿಗೂ ಹಂಚಿ, ತೋಳಿನ ಮೇಲೆ ಬೆರಳು ಓಡಿಸಿ ಕಂಕುಳಲ್ಲಿ ಕಚಗುಳಿ ಇಡ್ತಿದ್ರಲ್ಲ ನಮ್ಮಜ್ಜಿಯರು, ಅದನ್ನೂ ಬಿಡಬೇಡಿ.

ಆಮೇಲೆ ಬಡಿಯೋ ಕಾಲ. ತಪ್ಪಲೆ ಬೋರಲು ಹಾಕಿ ಕೈಗೆ ಮರದ ಸೌಟು ಕೊಡಿ. ಪಕ್ಕದ ಮನೆಯೋರು ಬಂದು ಬೈತಾರೆ, ಬೈಯಲಿ. ಯಾರೋ ಸತ್ತರೆ ಕೂಲಿ ಇಲ್ಲದೆ ತಮಟೆ ಬಡಿಯಲೇಬೇಕು ಅಂತ ನಮ್ಮ ತಾತಂದಿರ ಕೈಗೆ ಕೋಲು ಕೊಟ್ಟಿದ್ರು. ನಮ್ಮ ಕೂಸು ತನ್ನ ಖುಷಿಗೆ ಬಡಿಯಲಿ.

ವರ್ಷ ತುಂಬಿದ ಮೇಲೆ ನೀರು. ಅಗಲವಾದ ಬೇಸಿನ್ನಿಗೆ ಎರಡು ಚೊಂಬು ನೀರು, ಒಂದು ಲೋಟ, ತೂತಿರೋ ಒಂದು ಡಬ್ಬಿ. ನೀರು ಮುಟ್ಟೋಕೆ ಮಹಾಡ್‌ವರೆಗೆ ಹೋಗಬೇಕಾದ ಜನ ನಾವು, ನಮ್ಮ ಮಕ್ಕಳು ನೀರಲ್ಲಿ ಕೈ ಬಡೀತಾ ನಗೋದನ್ನು ನೋಡೋಕೆ ನನಗೆ ಬೇರೆಯೇ ಸಂತೋಷ. ಕೇರಿ ನಲ್ಲಿಗೆ ದಿನ ಬಿಟ್ಟು ದಿನ ನೀರು ಬರೋದು ಗೊತ್ತು, ಆಡಿದ ನೀರನ್ನು ಗಿಡಕ್ಕೆ ಹಾಕಿ. ಎರಡು ವರ್ಷಕ್ಕೆ ಬಂದ್ರೆ ಒಗೆದ ಬಟ್ಟೆ ಮಡಚುವಾಗ "ಇದು ಯಾರ ಅಂಗಿ?" ಅಂತ ಕೇಳಿ, ಈರುಳ್ಳಿ-ಆಲೂಗಡ್ಡೆ ಬೇರೆ ಮಾಡಿಸಿ, ಮಣ್ಣಲ್ಲಿ ಮುದ್ದೆ ಕಟ್ಟಿಸಿ, ತೆಂಗಿನ ಗರಿಯ ಗಿರಗಿಟ್ಲೆ ಮಾಡಿಕೊಡಿ. ಅವ್ವ ಮಾಡಿಕೊಟ್ಟಿದ್ದ ಚಿಪ್ಪಿನ ಗಾಡಿಯನ್ನು ನಾನೀಗ ಕೇರಿ ಮಕ್ಕಳಿಗೆ ಮಾಡಿಕೊಡ್ತೀನಿ.

ಅಪಾಯದ ಮಾತನ್ನು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಗದ್ದೆಗೆ ಔಷಧಿ ಹೊಡೆದ ಬಾಟಲಿ, ಡಬ್ಬ ಎಷ್ಟು ತೊಳೆದರೂ ಕೂಸಿನ ಕೈಗೆ ಬೇಡ. ಪೇಂಟ್ ಡಬ್ಬವೂ ಬೇಡ. ಹುಣಸೆ ಬೀಜ, ಕಡಲೆಬೀಜ, ಗುಂಡಿ, ಗಡಿಯಾರದ ಪುಟ್ಟ ಸೆಲ್ಲು, ಬಾಯೊಳಗೆ ಹೋಗೋ ಯಾವುದೂ ಬೇಡ. ನೀರಿನ ಆಟದಲ್ಲಿ ಒಂದು ನಿಮಿಷವೂ ಕೂಸನ್ನು ಬಿಟ್ಟು ಏಳಬೇಡಿ, ಅರ್ಧ ಬಕೆಟ್ ನೀರು ಸಾಕು ಜೀವ ಹೋಗೋಕೆ.

ಗೊಂಬೆ ಬಗ್ಗೆ ಬೇರೆಯಾಗೇ ಬರೀಬೇಕು. ಸಂತೆಯಲ್ಲಿ ಸಿಗೋ ಗೊಂಬೆ ಎಲ್ಲ ಬಿಳಿ ಮುಖ, ಹೊಂಬಣ್ಣದ ಕೂದಲು. ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಅನ್ನೋ ಕಪ್ಪು ಮನಃಶಾಸ್ತ್ರಜ್ಞ ದಂಪತಿ 1940ರ ದಶಕದಲ್ಲಿ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಯಾವುದು ಚೆಂದ, ಯಾವುದು ಕೆಟ್ಟದ್ದು ಅಂತ ಕೇಳಿದ್ರು. ಹೆಚ್ಚಿನ ಮಕ್ಕಳು ಬಿಳಿಯದನ್ನು ಚೆಂದ ಅಂದ್ರು. ಕಂದು ಗೊಂಬೆ ತೋರಿಸಿ ಕೆಟ್ಟದ್ದು ಅಂದ ಮೇಲೆ "ನಿನ್ನ ಥರ ಯಾವುದು" ಅಂತ ಕೇಳಿದಾಗ ಅತ್ತ ಮಕ್ಕಳೂ ಇದ್ರು. ಶಾಲೆಯಲ್ಲಿ ಕಪ್ಪು-ಬಿಳಿ ಬೇರೆ ಕೂರಿಸೋದು ತಪ್ಪು ಅಂತ 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಈ ಕೆಲಸವನ್ನೂ ಉಲ್ಲೇಖಿಸಿತ್ತು. ನಮ್ಮ ಹೆಣ್ಣುಕೂಸು ಕೈಯಲ್ಲಿ ಬಿಳಿ ಗೊಂಬೆ ಹಿಡ್ಕೊಂಡಿರುವಾಗಲೇ ಮನೆಯೋರು "ಕರಿಯಿ" ಅಂತ ಅದನ್ನು ಕರೀತಾರೆ. ಅಲ್ಲಿಗೆ ಲೆಕ್ಕ ಸರಿಹೋಯ್ತಲ್ಲ.

ಮಾತಿನ ವಿಷಯದಲ್ಲೂ ಹೀಗೇ. ಮಾತೇ ಬಾರದ ಕೂಸಿಗೆ "ಆಪಲ್ ಎಲ್ಲಿ, ನೋಸ್ ಎಲ್ಲಿ" ಅಂತ ಶುರು ಮಾಡ್ತೀವಿ, ನಮ್ಮ ಹಟ್ಟಿ ಕನ್ನಡ ಕೊಳಕು ಅಂತ ಯಾರೋ ತಲೆಗೆ ತುಂಬಿದ್ದಾರೆ. ಇಂಗ್ಲಿಷ್ ಬೇಕು, ಖಂಡಿತ ಬೇಕು, ಕಲಿಸೋಣ. ಆದ್ರೆ ಹಾಡು, ಒಗಟು, ರೇಗಿಸೋದು, ಮುದ್ದು ಮಾಡೋದು ನಿಮಗೆ ಸಲೀಸಾಗಿ ಬರೋ ಮಾತಲ್ಲೇ ಇರಲಿ. ತಡವರಿಸ್ತಾ ಆಡೋ ನಾಲ್ಕು ಪದಕ್ಕಿಂತ ಧಾರಾಳವಾಗಿ ಆಡೋ ನಾನೂರು ಪದ ಕೂಸಿಗೆ ಮೇಲು.

ಈಗ ಸಮಯದ ಮಾತಿಗೆ ಬರ್ತೀನಿ. 1928ರಲ್ಲಿ ಬಾಬಾಸಾಹೇಬರು ಬಾಂಬೆ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆ ಪರವಾಗಿ ನಿಂತು, ದುಡಿಯೋ ತಾಯಿಗೆ ಹೆರಿಗೆಗೆ ಮುಂಚೆ, ಆಮೇಲೆ ವಿಶ್ರಾಂತಿ ಸಿಗೋದು ದೇಶದ ಹಿತ, ಅದರ ಹೊರೆಯ ಬಹುಪಾಲನ್ನು ಸರ್ಕಾರ ಹೊರಬೇಕು ಅಂತ ವಾದಿಸಿದ್ರು. ಸುಮಾರು ನೂರು ವರ್ಷ ಆಗ್ತಾ ಬಂತು. ನಾಟಿ ಹಾಕೋಳಿಗೆ, ಕಬ್ಬು ಕಡಿಯೋಳಿಗೆ ಇವತ್ತಿಗೂ ಸಂಬಳದ ರಜೆ ಇಲ್ಲ, ಬದುವಿನ ಮರಕ್ಕೆ ಕಟ್ಟಿದ ಸೀರೆ ಜೋಲಿಯೇ ಶಿಶುವಿಹಾರ. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದ್ರೆ ನೋಡ್ಕೊಳ್ಳೋಕೆ ಒಬ್ಬ ಹೆಣ್ಣುಮಗಳನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕು ಅಂತ 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಬರೆದಿತ್ತು. ಅಂಥ ಒಬ್ಬಳನ್ನಾದರೂ ಕಣ್ಣಾರೆ ನೋಡಿದವರು ಕಮೆಂಟಲ್ಲಿ ಹೇಳಿ. 2023ರ ರಾಜ್ಯ ಬಜೆಟ್ಟಲ್ಲಿ 4,000 ಗ್ರಾಮ ಪಂಚಾಯ್ತಿಗಳಿಗೆ "ಕೂಸಿನ ಮನೆ" ಘೋಷಣೆ ಆಯ್ತು. ನಿಮ್ಮ ಪಂಚಾಯ್ತಿಯಲ್ಲಿ ಅದು ತೆರೆದಿದೆಯಾ, ಕೇರಿಯ ಕೂಸು ಒಳಗೆ ಹೋಗ್ತಿದೆಯಾ, ಹೋದ ಕೂಸಿನ ಜೊತೆ ಯಾರಾದ್ರೂ ನೆಲದ ಮೇಲೆ ಕೂತು ಆಡ್ತಿದ್ದಾರಾ? ಪಂಚಾಯ್ತಿಗೆ ಅರ್ಜಿ ಹಾಕೋದು ನಮಗೆ ಹೊಸದಲ್ಲ, ಇದಕ್ಕೂ ಹಾಕಿ.

ಸಂಘಟನೆಯ ಅಣ್ಣಂದಿರಿಗೆ ಒಂದು ಮಾತು. ಮೂವತ್ತು ವರ್ಷದಿಂದ ನಿಮ್ಮ ಭಾಷಣ ಕೇಳ್ತಿದೀನಿ. ನೀವು ವೇದಿಕೆ ಮೇಲೆ ಸಮಾನತೆ ಹೇಳುವಾಗ ನಿಮ್ಮ ಮಕ್ಕಳು ಯಾರ ಮಡಿಲಲ್ಲಿದ್ರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ದಿನಾ ಅರ್ಧ ಗಂಟೆ, ಅವಳು ಮುದ್ದೆ ತಿರುವೋ ಹೊತ್ತಲ್ಲಿ, ಮೊಬೈಲ್ ಗೂಡಲ್ಲಿಟ್ಟು ಕೂಸಿನ ಎದುರಿಗೆ ಕೂತ್ಕೊಳ್ಳಿ. ಅಥವಾ ಮುದ್ದೆ ನೀವು ತಿರುವಿ, ಅವಳು ಆಡಿಸಲಿ. ಅವತ್ತು ಬೈದ ಹಿರಿಯರಿಗೂ ಇದನ್ನೇ ಹೇಳಿದೆ. ನಕ್ಕರು, ಆದ್ರೆ ಹೋಗುವಾಗ ಆ ಕೂಸನ್ನು ಎತ್ಕೊಂಡು ಬಸ್ ಸ್ಟ್ಯಾಂಡ್‌ವರೆಗೆ ಮಾತಾಡಿಸ್ತಾ ಬಂದ್ರು.

ಮುಂದಿನ ಸಭೆ ಬರೋ ತಿಂಗಳ ಎರಡನೇ ಭಾನುವಾರ. ಬರುವಾಗ ಒಂದು ಹಳೇ ಕಪ್ಪೋ ಕಂದೋ ಬಟ್ಟೆ, ಸೂಜಿ, ದಾರ, ಒಳಗೆ ತುಂಬೋಕೆ ಒಗೆದ ಹರಕು ಸೀರೆ ತನ್ನಿ. ನಮ್ಮ ಬಣ್ಣದ ಗೊಂಬೆ ಹೊಲಿಯೋಣ. ಕಣ್ಣಿಗೆ ಗುಂಡಿ ಹಾಕಬೇಡಿ, ಕಿತ್ತು ನುಂಗ್ತವೆ. ದಾರದಲ್ಲೇ ಹೊಲಿದ್ರೆ ಸಾಕು.

ಜೈಭೀಮ್.